ಹೊಸ 911ಗೆ ಅಪರೂಪದ ಬಣ್ಣ: ನೇರಳೆ, ಹಸಿರು, ನೀಲಿ – ಬೆಂಗಳೂರಿನಲ್ಲಿ ಯಾವುದು ಬಾಳುತ್ತೆ?

ಎರಡುಬಾಗಿಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪೋರ್ಷೆ 911 ಕರೆರಾ ಬುಕ್ ಮಾಡಿದ್ದೇವೆ. ಚಕ್ರ, ಸೀಟು, ಒಳಗಿನ ಲೆದರ್ ಎಲ್ಲ ತೀರ್ಮಾನ ಆಗಿದೆ, ಬಣ್ಣ ಮಾತ್ರ ಬಾಕಿ. ತಿಂಗಳ ಕೊನೆಗೆ ಆರ್ಡರ್ ಲಾಕ್ ಆಗುತ್ತೆ, ಆಮೇಲೆ ಬದಲಾಯಿಸೋಕೆ ಆಗಲ್ಲ. ಬಿಳಿ, ಕಪ್ಪು, ಬೂದು ಬೇಡ ಅನ್ನೋದರಲ್ಲಿ ಮನೆಯವರೆಲ್ಲ ಒಂದೇ ಮಾತು.

ಪೇಂಟ್ ಟು ಸ್ಯಾಂಪಲ್ ಪಟ್ಟಿಯಲ್ಲಿ (ಕೇಳಿದರೆ ಕಂಪನಿಯೇ ಹೊಡೆದು ಕೊಡೋ ವಿಶೇಷ ಬಣ್ಣಗಳು) ಕಣ್ಣಿಗೆ ಬಿದ್ದದ್ದು ಮೂರು: ವಯೋಲಾ ಮೆಟಾಲಿಕ್ (ಗಾಢ ನೇರಳೆ), ಎಪ್ಪತ್ತರ ದಶಕದ ಸಿಗ್ನಲ್ ಗ್ರೀನ್, 993 (ತೊಂಬತ್ತರ ದಶಕದ 911) ಕಾಲದ ರಿವಿಯೆರಾ ಬ್ಲೂ. ಇದಲ್ಲದೆ ಮಿಲಿಟರಿ ಜೀಪಿನ ಆ ಮಬ್ಬು ಆಲಿವ್ ಹಸಿರನ್ನೂ ಹೊಡೆಸಬಹುದಾ ಅಂತ ಒಂದು ಆಸೆ.

ಕಾರು ಎಲ್ಲೆಲ್ಲಿ ಇರುತ್ತೆ ಅಂದ್ರೆ: ರಾತ್ರಿ ಜಯನಗರದ ಮನೆ ಮುಂದೆ, ಮೇಲೆ ದೊಡ್ಡ ಮಳೆಮರ. ವಾರದಲ್ಲಿ ಎರಡು ದಿನ ಹೊರವರ್ತುಲ ರಸ್ತೆಯ ಆಫೀಸಿನ ಬೇಸ್‌ಮೆಂಟ್. ಭಾನುವಾರ ಬೆಳಿಗ್ಗೆ ನಂದಿಬೆಟ್ಟ ಅಥವಾ ಮೈಸೂರು ಹೈವೇ. ತೊಳೆಯೋದು ಬೋರ್‌ವೆಲ್ ನೀರಲ್ಲಿ, ಕಾವೇರಿ ನೀರು ಕಾರಿಗೆ ಸಾಲಲ್ಲ.

ಇದರಲ್ಲಿ ಯಾವ ಬಣ್ಣ ಬಾಳಿಕೆ ಬರುತ್ತೆ? ಸಣ್ಣ ಪೆಟ್ಟಾದರೆ ಇಲ್ಲಿ ಶೇಡ್ ಕೂಡಿಸೋಕೆ ಆಗುತ್ತಾ? ಆರ್‌ಟಿಒ ಕಡೆಯಿಂದ ತೊಂದರೆ ಏನಾದರೂ ಉಂಟಾ? ಇಷ್ಟೆಲ್ಲ ರಗಳೆ ಬೇಡ ಅಂದ್ರೆ ಬಿಳಿ ಕಾರು ತಗೊಂಡು ಮೇಲೆ ವ್ರ್ಯಾಪ್ (ಬಣ್ಣದ ವಿನೈಲ್ ಹಾಳೆ) ಹಾಕಿಸೋದು ಜಾಣತನವಾ?

ಸ್ಪ್ರೇಬೂತ್ ಉತ್ತರ:

ಅಪರೂಪದ ಬಣ್ಣಕ್ಕೆ ಕೈ ಹಾಕುವ ಮುಂಚೆ ನಿಮ್ಮ ಎರಡನೇ ಪ್ರಶ್ನೆಯನ್ನೇ ಮೊದಲು ಕೇಳ್ಕೊಬೇಕು: ನಾಳೆ ಬಾಗಿಲಿಗೆ ಯಾವುದೋ ಬೈಕಿನ ಹ್ಯಾಂಡಲ್ ಉಜ್ಜಿದರೆ ಇದನ್ನ ಇದೇ ಊರಲ್ಲಿ ಕೂಡಿಸೋಕೆ ಆಗುತ್ತಾ? ಉಳಿದ ಪ್ರಶ್ನೆಗಳಿಗೆಲ್ಲ ದುಡ್ಡಿನಲ್ಲೋ ಆರೈಕೆಯಲ್ಲೋ ಉತ್ತರ ಸಿಗುತ್ತೆ. ಇದಕ್ಕೆ ಬಣ್ಣದ ಜಾತಿಯೇ ಉತ್ತರ.

ಫ್ಯಾಕ್ಟರಿಯಲ್ಲಿ ಲೋಹದ ಮೇಲೆ ಮೊದಲು ತುಕ್ಕು ತಡೆಯುವ ಇ-ಕೋಟ್, ಸುಮಾರು 20 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಅದರ ಮೇಲೆ ಪ್ರೈಮರ್ 30ರಿಂದ 40, ಆಮೇಲೆ ಬಣ್ಣ ಇರುವ ಬೇಸ್ ಕೋಟ್ 10ರಿಂದ 20, ಕೊನೆಗೆ ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್ 40ರಿಂದ 50. ಎಲ್ಲ ಸೇರಿ 100ರಿಂದ 130 ಮೈಕ್ರಾನ್. ನಿಮಗೆ ಕಾಣುವ ಬಣ್ಣವೆಲ್ಲ ಆ 10–20 ಮೈಕ್ರಾನ್ ಒಳಗೆ ಏನಿದೆ ಅನ್ನೋದರ ಮೇಲೆ ನಿಂತಿದೆ.

ಸಾಲಿಡ್ ಬಣ್ಣದಲ್ಲಿ ಬರೀ ಪಿಗ್ಮೆಂಟ್ (ಬಣ್ಣದ ಪುಡಿ) ಇರುತ್ತೆ. ಸ್ಪ್ರೇ ಗನ್ ಹತ್ತಿರ ಹಿಡಿದರೂ ದೂರ ಹಿಡಿದರೂ ಶೇಡ್ ಹೆಚ್ಚು ಬದಲಾಗಲ್ಲ. ಮೆಟಾಲಿಕ್‌ನಲ್ಲಿ ಅಲ್ಯೂಮಿನಿಯಂ ಚೂರುಗಳಿರುತ್ತವೆ. ಆ ಚೂರುಗಳು ಮಟ್ಟಸವಾಗಿ ಮಲಗಿದರೆ ಎದುರಿನಿಂದ ಬೆಳಗುತ್ತೆ, ಓರೆಯಿಂದ ಕಪ್ಪಾಗುತ್ತೆ. ಅಡ್ಡಾದಿಡ್ಡಿ ನಿಂತರೆ ಎದುರಿನಿಂದ ಮಂಕು, ಓರೆಯಿಂದ ತಿಳಿ. ಗಾಳಿಯ ಒತ್ತಡ, ಗನ್ನಿನ ದೂರ, ಕೋಟ್ ಒದ್ದೆಯಾಗಿ ಬಿತ್ತೋ ಒಣಗಿ ಬಿತ್ತೋ, ಎಲ್ಲವೂ ಈ ಚೂರು ಮಲಗುವ ರೀತಿಯನ್ನ ಬದಲಿಸುತ್ತೆ. ಅದೇ ಡಬ್ಬದ ಬಣ್ಣ ಇಬ್ಬರು ಪೇಂಟರ್ ಹೊಡೆದರೆ ಎರಡು ಶೇಡ್ ಬರೋದು ಇದಕ್ಕೇ. ಮೂರನೆಯದು ಟ್ರೈ-ಕೋಟ್ ಪರ್ಲ್. ಕೆಳಗೆ ಗ್ರೌಂಡ್ ಕೋಟ್, ನಡುವೆ ಅರೆಪಾರದರ್ಶಕ ಪರ್ಲ್, ಮೇಲೆ ಕ್ಲಿಯರ್. ನಡುವಿನ ಕೋಟು ಎರಡು ಬಿದ್ದರೆ ಒಂದು ಬಣ್ಣ, ಮೂರು ಬಿದ್ದರೆ ಇನ್ನೊಂದು.

ಹಾಗಾಗಿ ರಿಪೇರಿ ಲೆಕ್ಕ ಹೀಗೆ ಬರುತ್ತೆ. ಸಾಲಿಡ್ ಬಣ್ಣದ ಬಾಗಿಲಿಗೆ ಪೆಟ್ಟಾದರೆ, ಶೇಡ್ ಸರಿಯಾಗಿ ಸಿಕ್ಕಾಗ, ಬಾಗಿಲೊಂದನ್ನೇ ಹೊಡೆದು ಮುಗಿಸಬಹುದು. ಮೆಟಾಲಿಕ್ ಆದ್ರೆ ಬಾಗಿಲಿಗೆ ಪೂರ್ತಿ ಬೇಸ್ ಹೊಡೆದು, ಮುಂದಿನ ಫೆಂಡರ್ ಮತ್ತು ಹಿಂದಿನ ಕ್ವಾರ್ಟರ್ ಪ್ಯಾನೆಲ್ ಒಳಕ್ಕೆ ಬಣ್ಣವನ್ನ ತೆಳುವಾಗಿ ಕರಗಿಸಿ, ಮೂರಕ್ಕೂ ಅಂಚಿಂದ ಅಂಚಿಗೆ ಕ್ಲಿಯರ್ ಹೊಡೀಬೇಕು. ಒಂದು ಪ್ಯಾನೆಲ್ ಕೆಲಸ ಮೂರಾಗುತ್ತೆ. 911ರ ಹಿಂದಿನ ಕ್ವಾರ್ಟರ್ ದೊಡ್ಡದು, ಛಾವಣಿಯ ತನಕ ಏರಿ ಹೋಗುತ್ತೆ. ಕ್ಲಿಯರನ್ನ ನಡುವೆ ಎಲ್ಲಿ ನಿಲ್ಲಿಸಿದರೂ ಆ ಅಂಚು ಒಂದಲ್ಲ ಒಂದು ದಿನ ಬಿಸಿಲಲ್ಲಿ ಎದ್ದು ಕಾಣುತ್ತೆ.

ಇನ್ನೊಂದು ವಿಷಯ. ಫ್ಯಾಕ್ಟರಿಯ ಓವನ್ನಿನಲ್ಲಿ ಪೇಂಟು ಸುಮಾರು 140 ಡಿಗ್ರಿಯಲ್ಲಿ ಬೇಯುತ್ತೆ. ಗ್ಯಾರೇಜ್ ಬೂತ್‌ನಲ್ಲಿ ಪ್ಲಾಸ್ಟಿಕ್, ರಬ್ಬರ್, ವೈರಿಂಗ್ ಎಲ್ಲ ಜೋಡಿಸಿದ ಕಾರಿರುತ್ತೆ, 60 ಡಿಗ್ರಿಯಲ್ಲಿ ಅರ್ಧ ಗಂಟೆ ಅಷ್ಟೇ. ಅದಕ್ಕೆ ಹಾರ್ಡನರ್ ಬೆರೆಸುವ ಬೇರೆ ಕ್ಲಿಯರ್ ಬೇಕು. ಅದೂ ಗಟ್ಟಿಯೇ, ಆದರೆ ಫ್ಯಾಕ್ಟರಿ ಪೇಂಟಿಗೆ ಸಮ ಅಲ್ಲ. ಬಿಳಿ ಕಾರು ತಗೊಂಡು ಆಮೇಲೆ ಇಲ್ಲಿ ಪೂರ್ತಿ ಬಣ್ಣ ಬದಲಿಸೋ ಯೋಚನೆ ತಲೆಯಲ್ಲಿ ಇದ್ದರೆ ಈಗಲೇ ಬಿಟ್ಟುಬಿಡಿ. ಬಾಗಿಲಿನ ಒಳ ಅಂಚು, ಬಾನೆಟ್ಟಿನ ಕೆಳಗೆ, ಹಿಂಜಿನ ಹತ್ತಿರ ಹಳೇ ಬಣ್ಣ ಇಣುಕುತ್ತೆ, ಮಾರುವಾಗ ನೋಡಲು ಬಂದವರು ಮೊದಲು ಕೇಳೋದೇ ಆಕ್ಸಿಡೆಂಟ್ ಬಗ್ಗೆ.

ನನ್ನ ಮಾತು ನೇರ: ರಿವಿಯೆರಾ ಬ್ಲೂ ಅಥವಾ ಸಿಗ್ನಲ್ ಗ್ರೀನ್. ಎರಡೂ ಸಾಲಿಡ್. ಇವೆರಡರಲ್ಲಿ ನೀಲಿಗೆ ಒಂದು ಕೈ ಹೆಚ್ಚು. ತುಂಬಾ ಉಜ್ವಲವಾದ ಹಸಿರು, ಹಳದಿ, ಕಿತ್ತಳೆಗಳಲ್ಲಿ ಸೇರುವ ಪಿಗ್ಮೆಂಟುಗಳಿಗೆ ಮುಚ್ಚುವ ಶಕ್ತಿ ಕಡಿಮೆ. ಹಳೇ ಕಾಲದಲ್ಲಿ ಸೀಸದ ಕ್ರೋಮೇಟ್ ಹಾಕಿ ಒಂದೆರಡು ಕೋಟಿನಲ್ಲಿ ಮುಚ್ಚುತ್ತಿದ್ದರು. ಅದು ವಿಷ, ಈಗ ಕೈಬಿಟ್ಟಿದ್ದಾರೆ, ಬಿಸ್ಮತ್ ವನಡೇಟ್ ಮತ್ತು ಆರ್ಗಾನಿಕ್ ಪಿಗ್ಮೆಂಟುಗಳು ಬಂದಿವೆ. ಪೇಂಟರ್ ಕೆಳಗೆ ತಪ್ಪು ಬೂದು ಪ್ರೈಮರ್ ಹೊಡೆದಿದ್ದರೆ ಮೇಲೆ ನಾಲ್ಕು ಕೋಟು ಹಾಕಿದರೂ ಹಸಿರು ಕೊಳಕಾಗೇ ಕಾಣುತ್ತೆ. ಫಾರ್ಮುಲಾ ಶೀಟಿನಲ್ಲಿ ಪ್ರೈಮರಿನ ಬೂದು ಎಷ್ಟು ಗಾಢ ಇರಬೇಕು ಅಂತ ಕೊಟ್ಟಿರುತ್ತಾರೆ. ಅದನ್ನ ಓದದೆ ಸಿಕ್ಕ ಪ್ರೈಮರ್ ಹೊಡೆಯೋ ಕಡೆ ಇಂಥ ಬಣ್ಣ ಕೊಡಬೇಡಿ.

ನಿಯಮಪುಸ್ತಕ ಉತ್ತರ:

ಆಲಿವ್ ಹಸಿರನ್ನು ಪಟ್ಟಿಯಿಂದ ತೆಗೆದುಬಿಡಿ. ಕೇಂದ್ರ ಮೋಟಾರು ವಾಹನ ನಿಯಮಗಳು 1989, ನಿಯಮ 121ರ ಪ್ರಕಾರ ರಕ್ಷಣಾ ಇಲಾಖೆಯ ವಾಹನಗಳನ್ನು ಬಿಟ್ಟು ಬೇರೆ ಯಾವ ವಾಹನಕ್ಕೂ ಆಲಿವ್ ಗ್ರೀನ್ ಬಳಿಯುವಂತಿಲ್ಲ. ಗಾಢ ಹಸಿರು, ಬಾಟಲಿ ಹಸಿರು, ಹೊಳೆಯುವ ಹಸಿರುಗಳಿಗೆ ಈ ನಿಯಮ ಅಡ್ಡಿಯಲ್ಲ. ಸೇನೆಯ ಮಬ್ಬು ಹಸಿರನ್ನು ಹೋಲುವುದೇ ತೊಂದರೆ. ಹಾಗಾಗಿ ಸಿಗ್ನಲ್ ಗ್ರೀನ್ ಬಗ್ಗೆ ಚಿಂತೆ ಬೇಡ.

ಕಾರ್ಖಾನೆಯಿಂದಲೇ ಬಂದ ಬಣ್ಣಕ್ಕೆ ಬೇರೆ ಅನುಮತಿ ಬೇಕಿಲ್ಲ. ಆದರೆ ಫಾರಂ 21, ಅಂದರೆ ಮಾರಾಟ ಪ್ರಮಾಣಪತ್ರದಲ್ಲಿ, ಬಣ್ಣದ ಕಾಲಂ ಇದೆ. ಇನ್‌ವಾಯ್ಸ್, ಫಾರಂ 21, ಆರ್‌ಸಿ, ವಿಮೆಯ ಪಾಲಿಸಿ, ಈ ನಾಲ್ಕರಲ್ಲೂ ಬಣ್ಣದ ಹೆಸರು ಒಂದೇ ಇರುವಂತೆ ನೋಡಿಕೊಳ್ಳಿ. ಸಂಖ್ಯೆ ಬೀಳುವ ಮುಂಚೆ ತಿದ್ದುವುದು ಸುಲಭ, ಆಮೇಲೆ ಆರ್‌ಟಿಒ ಕಚೇರಿಗೆ ಅಲೆದಾಟ.

ವ್ರ್ಯಾಪ್ ಹಾಕಿಸಿ ಬಣ್ಣ ಪೂರ್ತಿ ಬದಲಿಸಿದರೆ ಆರ್‌ಸಿಯಲ್ಲಿರುವ ವಿವರಕ್ಕೂ ರಸ್ತೆಯ ಮೇಲಿನ ಕಾರಿಗೂ ತಾಳೆಯಾಗುವುದಿಲ್ಲ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರಲ್ಲಿ ಬದಲಾವಣೆಯನ್ನು 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕೆಂದಿದೆ. ಬಣ್ಣ ಬದಲಾದರೆ ಆರ್‌ಸಿಯಲ್ಲಿ ನಮೂದು ಮಾಡಿಸಿ, ವಿಮಾ ಕಂಪನಿಗೂ ಬರೆದು ತಿಳಿಸಿ. ಪಾರದರ್ಶಕ ಪಿಪಿಎಫ್‌ಗೆ (ಪೇಂಟ್ ಕಾಪಾಡಲು ಮೇಲೆ ಅಂಟಿಸುವ ಫಿಲ್ಮ್) ಇದ್ಯಾವುದೂ ಬೇಡ, ಬಣ್ಣ ಬದಲಾಗುವುದಿಲ್ಲವಲ್ಲ.

ದುಡ್ಡಿನ ವಿಚಾರದಲ್ಲಿ ಶೋರೂಂನವರು ತಾವಾಗಿ ಬಿಡಿಸಿ ಹೇಳದ ಒಂದು ಸಂಗತಿ ಇದೆ. 911 ಪೂರ್ತಿ ಜೋಡಿಸಿದ ಸ್ಥಿತಿಯಲ್ಲಿ ಆಮದಾಗುವ ಕಾರು. ಬಣ್ಣದ ಆಪ್ಷನ್ ಬೆಲೆ ಆಮದು ಮೌಲ್ಯಕ್ಕೆ ಸೇರುತ್ತದೆ, ಅದರ ಮೇಲೆ ಕಸ್ಟಮ್ಸ್ ಸುಂಕ, ಅದರ ಮೇಲೆ ಜಿಎಸ್‌ಟಿ. ಆ ಮೊತ್ತದ ಮೇಲೆ ಕರ್ನಾಟಕದ ಆಜೀವ ತೆರಿಗೆ: 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಶೇ. 18, ಜೊತೆಗೆ ಸೆಸ್. ಜರ್ಮನಿಯ ಬೆಲೆಪಟ್ಟಿಯಲ್ಲಿ ಬಣ್ಣಕ್ಕೆ ಕಾಣುವ ಮೊತ್ತವನ್ನು ರೂಪಾಯಿಗೆ ಪರಿವರ್ತಿಸಿ ಲೆಕ್ಕ ಹಾಕಿದರೆ ಕಡಿಮೆ ಬೀಳುತ್ತದೆ. ಆನ್‌ರೋಡ್ ಬೆಲೆಯನ್ನು ಬಣ್ಣ ಸೇರಿಸಿ ಒಂದು, ಸೇರಿಸದೆ ಒಂದು, ಹೀಗೆ ಎರಡು ಕೊಟೇಶನ್ ಕೇಳಿ.

ವಿಮೆ: ಮಾಮೂಲಿ ಸಮಗ್ರ ಪಾಲಿಸಿಯಲ್ಲಿ ಪೇಂಟಿಂಗ್ ಸಾಮಗ್ರಿಯ ಮೇಲೆ ಶೇ. 50 ಸವಕಳಿ ಕಳೆಯುತ್ತಾರೆ. ಬಿಲ್ಲಿನಲ್ಲಿ ಸಾಮಗ್ರಿ ಮತ್ತು ಕೂಲಿ ಬೇರೆ ಮಾಡಿಲ್ಲದಿದ್ದರೆ ಒಟ್ಟು ಪೇಂಟಿಂಗ್ ಖರ್ಚಿನ ಶೇ. 25ನ್ನು ಸಾಮಗ್ರಿ ಎಂದು ಹಿಡಿಯುತ್ತಾರೆ. ಒಂದು ಲಕ್ಷದ ಒಟ್ಟು ಬಿಲ್ಲಾದರೆ ಸಾಮಗ್ರಿ 25,000, ಅದರ ಅರ್ಧ 12,500 ನಿಮ್ಮ ಜೇಬಿನಿಂದ. ಆದರೆ ವಿಶೇಷ ಬಣ್ಣದಲ್ಲಿ ಸಾಮಗ್ರಿಯೇ ದುಬಾರಿ, ಬಿಲ್ ಬಿಡಿಸಿ ಬರೆದರೆ ನಿಮ್ಮ ಪಾಲು ಏರುತ್ತದೆ. ಶೂನ್ಯ ಸವಕಳಿ ಆಡ್-ಆನ್ ತೆಗೆದುಕೊಂಡರೆ ಈ ಕಡಿತ ಇಲ್ಲ. ಪಿಪಿಎಫ್ ಹಾಕಿಸಿದರೆ ಅದರ ಬಿಲ್ ಕೊಟ್ಟು ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಸೇರಿಸಿ. ಇಲ್ಲದಿದ್ದರೆ ಪ್ಯಾನೆಲ್ ರಿಪೇರಿಗೆ ಹಣ ಬರುತ್ತದೆ, ಫಿಲ್ಮಿಗೆ ಬರುವುದಿಲ್ಲ.

ಎರಡುಬಾಗಿಲು:

ಇಬ್ಬರಿಗೂ ಧನ್ಯವಾದ. ಆಲಿವ್ ಬಿಟ್ಟೆ. ಆ ನಿಯಮ ಗೊತ್ತೇ ಇರಲಿಲ್ಲ. ಈಗ ಎರಡು ಪ್ರಶ್ನೆ. ಶೋರೂಂನಲ್ಲಿ ವಯೋಲಾ ಮತ್ತು ರಿವಿಯೆರಾದ ಬಣ್ಣ ಬಳಿದ ಸಣ್ಣ ಲೋಹದ ತುಂಡು ಇದೆಯಂತೆ, ಒಂದು ದಿನಕ್ಕೆ ಕೊಡ್ತಾರಂತೆ. ಅದನ್ನ ಹೇಗೆ ನೋಡಬೇಕು? ಮತ್ತೆ ಬಣ್ಣ ಯಾವುದೇ ಆಗಲಿ, ಮ್ಯಾಟ್ ಫಿನಿಶ್ ಬೇಕು ಅಂತ ತಮ್ಮ ಹಠ ಹಿಡಿದಿದ್ದಾನೆ.

ತೊಳೆವಕಟ್ಟೆ ಉತ್ತರ:

ಮ್ಯಾಟ್ ಬೇಡ. ನಿಮ್ಮ ಮಳೆಮರ, ಬೋರ್‌ವೆಲ್, ಬೇಸ್‌ಮೆಂಟ್ ಈ ಮೂರರ ಜೊತೆ ಖಂಡಿತ ಬೇಡ. ಹೊಳೆಯೋ ಮಾಮೂಲಿ ಕ್ಲಿಯರಿನಲ್ಲಿ ಕಲೆ ಬಿದ್ದರೆ ಎರಡು ಮೂರು ಮೈಕ್ರಾನ್ ಪಾಲಿಶ್ ಮಾಡಿ ತೆಗೀಬಹುದು. ಮ್ಯಾಟ್ ಕ್ಲಿಯರ್ ಮೇಲ್ಮೈ ಬೇಕಂತಲೇ ಒರಟು, ಬೆಳಕು ಚದುರಲಿ ಅಂತ. ಅದನ್ನ ಉಜ್ಜಿದ ಜಾಗ ಹೊಳೆಯೋಕೆ ಶುರುವಾಗುತ್ತೆ, ಮತ್ತೆ ಮ್ಯಾಟ್ ಮಾಡೋಕೆ ಆಗಲ್ಲ, ಆ ಪ್ಯಾನೆಲ್ ಪೂರ್ತಿ ಹೊಡೆಸಬೇಕು. ವ್ಯಾಕ್ಸ್ ಹಾಕೋ ಹಾಗಿಲ್ಲ, ಬ್ರಷ್ ತಿರುಗೋ ಆಟೊಮ್ಯಾಟಿಕ್ ವಾಷ್‌ಗೆ ಹೋಗೋ ಹಾಗಿಲ್ಲ. ತಮ್ಮನಿಗೆ ಅಷ್ಟು ಆಸೆ ಇದ್ದರೆ ಹೊಳೆಯೋ ಬಣ್ಣದ ಕಾರಿಗೆ ಮ್ಯಾಟ್ ಪಿಪಿಎಫ್ ಹಾಕಿಸಿ. ಬೇಜಾರಾದ ದಿನ ತೆಗೆಸಬಹುದು, ಕೆಳಗಿನ ಪೇಂಟು ಹಾಗೇ ಇರುತ್ತೆ.

ನಿಮ್ಮ ಕಾರಿನ ನಿಜವಾದ ಶತ್ರುಗಳ ಬಗ್ಗೆ ಹೇಳ್ತೀನಿ. ಮಳೆಮರದ ಎಲೆಯಲ್ಲಿ ಕೂರೋ ಹುಳಗಳು ಅಂಟು ಸುರಿಸುತ್ತವೆ, ಅದರ ಮೇಲೆ ಧೂಳು ಕೂತು ಕಪ್ಪಾಗುತ್ತೆ. ಬಟ್ಟೆಯಲ್ಲಿ ತಿಕ್ಕಬೇಡಿ. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರು ಸಮಸಮ ಬೆರೆಸಿ, ಮೈಕ್ರೋಫೈಬರ್ ಒದ್ದೆ ಮಾಡಿ ಒಂದು ನಿಮಿಷ ಮೇಲಿಟ್ಟು, ಆಮೇಲೆ ಒಂದೇ ದಿಕ್ಕಿಗೆ ಒರೆಸಿ. ಫ್ಯಾಕ್ಟರಿ ಪೇಂಟಿಗೆ ಇದರಿಂದ ಏನೂ ಆಗಲ್ಲ, ಹೊಸದಾಗಿ ರೀಪೇಂಟ್ ಆದ ಪ್ಯಾನೆಲ್‌ಗೆ ಮಾತ್ರ ಬಳಸಬೇಡಿ. ಹಕ್ಕಿ, ಬಾವಲಿ ಹಿಕ್ಕೆ ಇನ್ನೂ ಕೆಟ್ಟದ್ದು. ಬಿಸಿಲಿಗೆ ಕ್ಲಿಯರ್ ಮೆತ್ತಗಾಗಿ ಹಿಗ್ಗುತ್ತೆ, ಸಂಜೆ ತಣ್ಣಗಾಗುವಾಗ ಒಣಗಿದ ಹಿಕ್ಕೆಯ ಸುತ್ತ ಬಿಗಿದುಕೊಳ್ಳುತ್ತೆ, ಆ ಆಕಾರ ಅಚ್ಚಾಗಿ ಉಳಿಯುತ್ತೆ. ನೇರಳೆ ಹಣ್ಣಿನ ಕಾಲದಲ್ಲಿ ಬಾವಲಿ ಹಿಕ್ಕೆಗೆ ಬಣ್ಣವೂ ಇರುತ್ತೆ. ಕಂಡ ದಿನವೇ ಒದ್ದೆ ಬಟ್ಟೆ ಐದು ನಿಮಿಷ ಹಾಕಿಟ್ಟು ಎತ್ತಿ ತೆಗೀರಿ.

ಬೇಸ್‌ಮೆಂಟಿನಲ್ಲಿ ಮೇಲೆ ಕಾಂಕ್ರೀಟ್ ಜೋಡಣೆಯಿಂದ ನೀರು ತೊಟ್ಟಿಕ್ಕೋ ಜಾಗ ಇದ್ದೇ ಇರುತ್ತೆ. ಅದು ಸುಣ್ಣದ ನೀರು, ಕ್ಷಾರ ಜಾಸ್ತಿ. ಒಣಗಿದರೆ ಬಿಳಿ ಪೊರೆ ಕಟ್ಟುತ್ತೆ, ಅದರಡಿ ಕ್ಲಿಯರ್ ಕೊರೆದಿರುತ್ತೆ. ನಿಲ್ಲಿಸೋ ಮುಂಚೆ ತಲೆ ಎತ್ತಿ ಸೀಲಿಂಗ್ ನೋಡಿ, ನೆಲದಲ್ಲಿ ಬಿಳಿ ಚುಕ್ಕೆ ಇದ್ದರೆ ಬೇರೆ ಜಾಗ ಹುಡುಕಿ. ಬಿದ್ದಿದ್ದರೆ ಉಗುರು ಹಾಕಿ ಕೆರೆಯಬೇಡಿ. ಬಿಳಿ ವಿನಿಗರ್ ಒಂದು ಪಾಲು, ಡಿಸ್ಟಿಲ್ಡ್ ನೀರು ಒಂದು ಪಾಲು ಬೆರೆಸಿ ಬಟ್ಟೆ ನೆನೆಸಿ ಇಡಿ, ಕರಗಿದ ಮೇಲೆ ಚೆನ್ನಾಗಿ ನೀರು ಹಾಕಿ.

ಬೋರ್‌ವೆಲ್ ನೀರಲ್ಲಿ ತೊಳೆಯೋದು ತಪ್ಪಲ್ಲ. ಅದು ಕಾರಿನ ಮೇಲೆ ತಾನಾಗೇ ಒಣಗಲು ಬಿಡೋದು ತಪ್ಪು. ಬಿಸಿಲಿಗೆ ಮುಂಚೆ ತೊಳೀರಿ, ಪ್ಯಾನೆಲ್ ಬೆಚ್ಚಗಿದ್ದರೆ ಮುಟ್ಟಬೇಡಿ. ಎರಡು ಬಕೆಟ್, ಒಂದರಲ್ಲಿ 10 ಲೀಟರಿಗೆ 20–30 ಎಂಎಲ್ ಪಿಎಚ್ ನ್ಯೂಟ್ರಲ್ ಶಾಂಪೂ, ಇನ್ನೊಂದು ಮಿಟ್ (ತೊಳೆಯೋ ಕೈಗವಸು) ಜಾಲಿಸೋಕೆ. ಕೊನೆಯ ಸುತ್ತು ಅಡುಗೆಮನೆಯ ಆರ್‌ಒ ನೀರು, ಗಿಡಕ್ಕೆ ಔಷಧಿ ಹೊಡೆಯೋ ಹ್ಯಾಂಡ್ ಸ್ಪ್ರೇಯರಿನಲ್ಲಿ 5 ಲೀಟರ್ ಸಾಕು. ಆಮೇಲೆ ದಪ್ಪ ಟವೆಲ್ ಹಾಸಿ ಎಳೀರಿ.

ಈ ಎಲ್ಲ ಕಲೆ, ಗೆರೆ, ಧೂಳು ಅತಿ ಹೆಚ್ಚು ಕಾಣೋದು ಗಾಢ ಬಣ್ಣದಲ್ಲಿ. ನಿಮ್ಮ ಪಟ್ಟಿಯಲ್ಲಿ ನೇರಳೆಯೇ ಅದು. ಮೆಟ್ರೋ ಕೆಲಸದ ಸಿಮೆಂಟ್ ಧೂಳು ನೇರಳೆ ಮೇಲೆ ಬೂದು ಹೊದಿಕೆ ಆಗಿ ಕೂರುತ್ತೆ. ಅದೇ ಧೂಳು ರಿವಿಯೆರಾದ ಮೇಲೂ ಇರುತ್ತೆ, ಆದರೆ ಹತ್ತಡಿ ದೂರದಿಂದ ಗೊತ್ತಾಗಲ್ಲ.

ಪಿಪಿಎಫ್ ವಿಚಾರ: ಮೈಸೂರು ಹೈವೇ, ನೈಸ್ ರಸ್ತೆಯಲ್ಲಿ ಟಿಪ್ಪರ್ ಹಿಂದೆ ಹೋದರೆ ಕಲ್ಲು ಹಾರುತ್ತೆ. ಸೆರಾಮಿಕ್ ಕೋಟಿಂಗ್ ಒಂದೆರಡು ಮೈಕ್ರಾನ್ ದಪ್ಪ, ಅದು ಕಲ್ಲು ತಡೆಯಲ್ಲ, ಯಾರು ಏನೇ ಹೇಳಲಿ. ಪಿಪಿಎಫ್‌ನ ಟಿಪಿಯು ಪ್ಲಾಸ್ಟಿಕ್ ಫಿಲ್ಮ್ 200 ಮೈಕ್ರಾನ್ ಹತ್ತಿರ ಇರುತ್ತೆ, ಅದು ತಡೆಯುತ್ತೆ. ಉಜ್ವಲ ಬಣ್ಣದಲ್ಲಿ ಕಲ್ಲು ಬಿದ್ದರೆ ಕೆಳಗಿನ ಬೂದು ಪ್ರೈಮರ್ ಚುಕ್ಕೆಯಾಗಿ ಕಾಣುತ್ತೆ, ಹಾಗಾಗಿ ಮುಂದಿನ ಬಂಪರ್, ಬಾನೆಟ್, ಎರಡೂ ಫೆಂಡರ್, ಕನ್ನಡಿ, ಹಿಂದಿನ ಚಕ್ರದ ಮುಂದಿನ ಉಬ್ಬು ಇಷ್ಟಾದರೂ ಮುಚ್ಚಿಸಿ. ಪೂರ್ತಿ ಕಾರಿಗಾದರೆ 1.52 ಮೀಟರ್ ಅಗಲದ ರೋಲಿನಲ್ಲಿ 15ರಿಂದ 18 ಮೀಟರ್ ಬೇಕಾಗುತ್ತೆ. ಪ್ಲಾಟರಿನಲ್ಲಿ (ಫಿಲ್ಮ್ ಕತ್ತರಿಸೋ ಯಂತ್ರ) ಮೊದಲೇ ಕತ್ತರಿಸಿದ ಪ್ಯಾಟರ್ನ್ ಬಳಸ್ತಾರಾ ಅಂತ ಕೇಳಿ. ಕಾರಿನ ಮೇಲೇ ಬ್ಲೇಡ್ ಎಳೆಯೋರ ಕೈಲಿ ಕ್ಲಿಯರ್ ಕುಯ್ದಿರೋದು ಫಿಲ್ಮ್ ತೆಗೆದ ದಿನ ಗೊತ್ತಾಗುತ್ತೆ. ಫ್ಯಾಕ್ಟರಿ ಪೇಂಟ್ ಚೆನ್ನಾಗಿ ಬೆಂದಿರುತ್ತೆ, ಡೆಲಿವರಿ ಆದ ದಿನವೇ ಹಾಕಿಸಬಹುದು. ರೀಪೇಂಟ್ ಆದ ಪ್ಯಾನೆಲ್ ಇದ್ದರೆ ಕನಿಷ್ಠ ಒಂದು ತಿಂಗಳು ಬಿಡಿ, ಒಳಗಿನ ದ್ರಾವಕ ಹೊರಗೆ ಹೋಗದಿದ್ದರೆ ಫಿಲ್ಮಿನಡಿ ಗುಳ್ಳೆ ಏಳುತ್ತೆ.

ಬಿಳಿ ಕಾರಿಗೆ ವ್ರ್ಯಾಪ್ ಅನ್ನೋದು ಎರಡು ಮೂರು ವರ್ಷದ ಮಾತು. ಒಳ್ಳೇ ದರ್ಜೆಯ ಕಾಸ್ಟ್ ವಿನೈಲ್ ಆದರೂ ಛಾವಣಿ, ಬಾನೆಟ್ಟಿನ ಮೇಲೆ ನಮ್ಮ ಬಿಸಿಲಿಗೆ ಬೇಗ ಒಣಗುತ್ತೆ, ಅಗ್ಗದ ಕ್ಯಾಲೆಂಡರ್ಡ್ ವಿನೈಲ್ ಅಂತೂ ಅಂಚಿಂದ ಕುಗ್ಗಿ ಏಳುತ್ತೆ. ಆರ್ಡರ್ ಮಾಡುವ ಹಂತದಲ್ಲೇ ಬಣ್ಣ ಆರಿಸೋ ಅವಕಾಶ ಇರೋವಾಗ ಆ ದಾರಿ ಯಾಕೆ?

ಓರೆನೋಟ ಉತ್ತರ:

ಎಲ್ಲರೂ ನೇರಳೆಯನ್ನು ಬದಿಗೆ ತಳ್ಳುತ್ತಿದ್ದಾರೆ, ಅದರ ಪರವಾಗಿ ಮಾತಾಡಲೇಬೇಕು. ಅದಕ್ಕೆ ಮುಂಚೆ ಸ್ಯಾಂಪಲ್ ನೋಡುವ ಕ್ರಮ.

ಶೋರೂಂನ ಎಲ್‌ಇಡಿ ಕೆಳಗೆ ಕಂಡದ್ದನ್ನು ನಂಬಬೇಡಿ. ಎರಡು ಬಣ್ಣ ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡು ಇನ್ನೊಂದು ಬೆಳಕಿನಲ್ಲಿ ಬೇರೆಯಾಗಬಹುದು, ಪಿಗ್ಮೆಂಟುಗಳು ಬೆಳಕಿನ ಬೇರೆ ಬೇರೆ ಭಾಗವನ್ನು ಹೀರುವುದೇ ಕಾರಣ. ತುಂಡನ್ನು ಹೊರಗೆ ಒಯ್ಯಿರಿ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲಿ, ಸಂಜೆ ಸೂರ್ಯ ಇಳಿಯುವಾಗ, ಮೋಡ ಕವಿದಾಗ, ಆಮೇಲೆ ನಿಮ್ಮ ಬೇಸ್‌ಮೆಂಟಿನ ಟ್ಯೂಬ್‌ಲೈಟಿನ ಕೆಳಗೆ. ಮಟ್ಟಸವಾಗಿ ಹಿಡಿದು ಒಮ್ಮೆ, ಲಂಬವಾಗಿ ಒಮ್ಮೆ, ಕಣ್ಣಿನ ಮಟ್ಟಕ್ಕೆ ಓರೆಯಾಗಿ ಒಮ್ಮೆ. ಬಾನೆಟ್ ಮಟ್ಟಸ, ಬಾಗಿಲು ಲಂಬ, 911ರ ಹಿಂದಿನ ಉಬ್ಬು ಇವೆರಡರ ನಡುವೆ ತಿರುಗುತ್ತದೆ. ಹಿನ್ನೆಲೆಗೆ ಡಾಂಬರು ರಸ್ತೆ ಇರಲಿ, ಬಿಳಿ ಗೋಡೆ ಬೇಡ. ಸ್ವಲ್ಪ ನೀರು ಚಿಮುಕಿಸಿಯೂ ನೋಡಿ, ಜೂನ್‌ನಿಂದ ಅಕ್ಟೋಬರ್‌ವರೆಗೆ ಕಾರು ಹಾಗೆಯೇ ಇರುತ್ತದೆ. ಒಂದು ಎಚ್ಚರ: ಅಂಗೈ ಅಗಲದ ತುಂಡಿಗಿಂತ ಇಡೀ ಕಾರಿನ ಮೇಲೆ ಅದೇ ಬಣ್ಣ ಹೆಚ್ಚು ತಿಳಿಯಾಗಿಯೂ ಹೆಚ್ಚು ತೀವ್ರವಾಗಿಯೂ ಕಾಣುತ್ತದೆ. ತುಂಡಿನಲ್ಲಿ "ಸ್ವಲ್ಪ ಜಾಸ್ತಿಯಾಯ್ತೇನೋ" ಅನಿಸಿದ ನೀಲಿ, ಕಾರಿನ ಮೇಲೆ ಖಂಡಿತ ಜಾಸ್ತಿಯಾಗುತ್ತದೆ. ತುಂಡಿನಲ್ಲಿ ಕಪ್ಪಗೆ ಕಂಡ ನೇರಳೆ ಕಾರಿನ ಮೇಲೆ ಅರಳುತ್ತದೆ.

ನೇರಳೆಯ ಪರ ನನ್ನ ಕಾರಣ ಇದೇ. ಸಾಲಿಡ್ ಬಣ್ಣ ಕಾರಿನ ಮೈಯನ್ನು ನೆರಳಿನಿಂದ ಮಾತ್ರ ತೋರಿಸುತ್ತದೆ. ಮೆಟಾಲಿಕ್‌ನಲ್ಲಿ ಉಬ್ಬು ತಿರುಗಿದ ಕಡೆಯೆಲ್ಲ ಬೆಳಕು ಹರಿಯುತ್ತದೆ, ಬದಿಗಳು ಗಾಢವಾಗುತ್ತವೆ. 911ರ ಹಿಂಭಾಗದಷ್ಟು ದುಂಡಗಿನ ಲೋಹಕ್ಕೆ ಅದಕ್ಕಿಂತ ಒಪ್ಪುವುದು ಬೇರೆ ಇಲ್ಲ. ನಮ್ಮ ಊರಿನ ಮೋಡದ ಬೆಳಕಿನಲ್ಲಿ ಅದು ಮೆತ್ತಗೆ, ಬಿಸಿಲಿನಲ್ಲಿ ಪ್ರಖರ. ಬಾಳಿಕೆಯ ಭಯವೂ ಅಷ್ಟು ಬೇಡ: ಹಳೆಯ ಕೆಂಪು ಕಾರುಗಳು ಸುಣ್ಣ ಬಳಿದಂತೆ ಬಿಳಿಚಿಕೊಳ್ಳುತ್ತಿದ್ದುದು ಮೇಲೆ ಕ್ಲಿಯರ್ ಇಲ್ಲದ ಕಾಲದಲ್ಲಿ. ಇಂದು ಯುವಿ ಹೀರುವ ಕ್ಲಿಯರ್ ಇದೆ, ಕ್ವಿನಾಕ್ರಿಡೋನ್‌ನಂಥ ಗಟ್ಟಿ ಪಿಗ್ಮೆಂಟುಗಳಿವೆ.

ವಿಶೇಷ ಬಣ್ಣ ಅಂದಾಗ ಪಿಗ್ಮೆಂಟ್ ಎಲ್ಲಿಂದ ಬರುತ್ತದೆ ಅನ್ನುವುದೂ ಮುಖ್ಯ. ಮರ್ಕ್ ಕಂಪನಿಯ ಝೈರಾಲಿಕ್ ಎಂಬ ಹೊಳಪಿನ ಪಿಗ್ಮೆಂಟ್ ತಯಾರಾಗುತ್ತಿದ್ದುದು ಜಪಾನಿನ ಒನಹಾಮದ ಒಂದೇ ಘಟಕದಲ್ಲಿ. 2011ರ ಮಾರ್ಚ್‌ನ ಭೂಕಂಪ, ಸುನಾಮಿಯ ನಂತರ ಅದು ನಿಂತಾಗ ಫೋರ್ಡ್ ಸೇರಿದಂತೆ ಕಾರು ಕಂಪನಿಗಳು ಕೆಲವು ಕಪ್ಪು, ಕೆಂಪು ಬಣ್ಣಗಳ ಆರ್ಡರನ್ನೇ ತಡೆಹಿಡಿದವು. ವಯೋಲಾದಂಥ ಹಳೆಯ ಮೆಟಾಲಿಕ್‌ನಲ್ಲಿ ಪರ್ಲ್‌ನ ನಡುಕೋಟಿನ ಗೋಜಿಲ್ಲ. ಟ್ರೈ-ಕೋಟ್ ಅಂದಿದ್ದರೆ ನಾನೂ ಬೇಡ ಎನ್ನುತ್ತಿದ್ದೆ.

ಸ್ಪ್ರೇಬೂತ್:

@ಓರೆನೋಟ, ಸೌಂದರ್ಯದ ಮಾತು ಒಪ್ಪಿದೆ. ಆದರೆ ಇವರ ಕಾರು ರಾತ್ರಿ ರಸ್ತೆ ಬದಿ ನಿಲ್ಲುತ್ತೆ. ಗ್ಯಾರೇಜ್ ಒಳಗೆ ನಿಲ್ಲೋ ಕಾರಾದರೆ ನಾನೂ ವಯೋಲಾ ಅಂತಿದ್ದೆ. ರಸ್ತೆ ಬದಿ ನಿಂತ ಕಾರಿನ ಬಾಗಿಲಿಗೆ, ಬಂಪರಿಗೆ ಆಗಾಗ ಏನಾದರೂ ತಾಗುತ್ತೆ, ಒಂದೊಂದು ಸಲವೂ ಮೂರು ಪ್ಯಾನೆಲ್ ಬ್ಲೆಂಡ್ ಅಂದ್ರೆ ಸ್ವಲ್ಪ ಕಾಲದಲ್ಲೇ ಕಾರಿನ ಒಂದು ಮಗ್ಗುಲು ಪೂರ್ತಿ ರೀಪೇಂಟ್ ಆಗಿರುತ್ತೆ. ನೇರಳೆಯೇ ಬೇಕು ಅಂತಾದರೆ ಮುಂಭಾಗಕ್ಕೆ ಮಾತ್ರ ಪಿಪಿಎಫ್ ಸಾಲದು, ಬಾಗಿಲು, ಕ್ವಾರ್ಟರ್, ಹಿಂದಿನ ಬಂಪರ್ ಸೇರಿಸಿ ಪೂರ್ತಿ ಕಾರಿಗೆ ಹಾಕಿಸಿ. ಆ ಖರ್ಚನ್ನ ಬಣ್ಣದ ಖರ್ಚು ಅಂತಲೇ ಈಗಲೇ ಲೆಕ್ಕಕ್ಕೆ ಹಿಡೀರಿ.

ಯಾವ ಬಣ್ಣವೇ ಆಗಲಿ, ಡೆಲಿವರಿಗೆ ಸಹಿ ಹಾಕುವ ಮುಂಚೆ ಪೇಂಟಿನ ದಪ್ಪ ಅಳೆಯುವ ಗೇಜ್ ಇಟ್ಟು ನೋಡಿ. 992 ಪೀಳಿಗೆಯ ಹೊರಮೈ ಬಂಪರ್ ಬಿಟ್ಟು ಎಲ್ಲ ಅಲ್ಯೂಮಿನಿಯಂ. ಕಬ್ಬಿಣಕ್ಕೆ ಮಾತ್ರ ಕೆಲಸ ಮಾಡುವ ಅಗ್ಗದ ಗೇಜ್ ಇಲ್ಲಿ ಏನೂ ತೋರಿಸಲ್ಲ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಎರಡೂ ಅಳೆಯುವುದು ಬೇಕು. ಒಂದೊಂದು ಪ್ಯಾನೆಲ್‌ಗೆ ನಾಲ್ಕೈದು ಕಡೆ ಇಡಿ. ಎಲ್ಲ ಪ್ಯಾನೆಲ್ 100–150 ಮೈಕ್ರಾನ್ ಒಳಗೆ ಇದ್ದು ಒಂದು ಮಾತ್ರ 220, 250 ಅಂತ ಬಂದರೆ ಹಡಗಿನಲ್ಲೋ ಲಾರಿಯಲ್ಲೋ ಪೆಟ್ಟಾಗಿ ಮತ್ತೆ ಹೊಡೆದಿರಬಹುದು, ಲಿಖಿತವಾಗಿ ಉತ್ತರ ಕೇಳಿ. ಹಿಂದಿನ ಚಕ್ರದ ಮುಂದೆ ಕಂಪನಿಯೇ ಪಾರದರ್ಶಕ ಫಿಲ್ಮ್ ಅಂಟಿಸಿರುತ್ತೆ, ಅಲ್ಲಿ ಅಂಕಿ ಜಾಸ್ತಿ ಬಂದರೆ ಗಾಬರಿ ಬೇಡ. ಪ್ಲಾಸ್ಟಿಕ್ ಬಂಪರ್ ಮೇಲೆ ಗೇಜ್ ಓದಲ್ಲ, ಅಲ್ಲಿ ಕಣ್ಣೇ ಗತಿ. ಬಂಪರ್ ಮತ್ತು ಫೆಂಡರ್ ಸೇರುವ ಗೆರೆಯನ್ನ ಬಿಸಿಲಲ್ಲಿ ಎರಡೂ ಬದಿಯಿಂದ ನೋಡಿ. ಬಂಪರ್ ಪೇಂಟಿನಲ್ಲಿ ಬಾಗುವ ಗುಣಕ್ಕೆ ಬೇರೆ ಸೇರ್ಪಡೆ ಇರುತ್ತೆ, ಮೆಟಾಲಿಕ್ ಆದರೆ ಹೊಚ್ಚ ಹೊಸ ಕಾರಲ್ಲೂ ಅಲ್ಲಿ ಒಂದು ಎಳೆ ವ್ಯತ್ಯಾಸ ಕಾಣೋದುಂಟು.

ಅಲ್ಯೂಮಿನಿಯಂ ಅಂದ್ಮೇಲೆ ಟಿಂಕರಿಂಗ್ ಬಗ್ಗೆಯೂ ಎಚ್ಚರ. ಕಬ್ಬಿಣ ಉಜ್ಜಿದ ಸ್ಯಾಂಡಿಂಗ್ ಡಿಸ್ಕನ್ನೇ ಇದಕ್ಕೂ ಹಾಕಿದರೆ ಕಬ್ಬಿಣದ ಪುಡಿ ಹೂತುಕೊಂಡು, ಕೆಲವು ಮಳೆಗಾಲದ ನಂತರ ಪೇಂಟಿನಡಿ ಗುಳ್ಳೆ ಏಳುತ್ತೆ. ಅಲ್ಯೂಮಿನಿಯಂಗೆ ಬೇರೆ ಜಾಗ, ಬೇರೆ ಸಾಮಾನು ಇಟ್ಟಿರುವ ವರ್ಕ್‌ಶಾಪ್‌ಗೇ ಕೊಡಿ.

ಎರಡುಬಾಗಿಲು:

ಸಂಜೆ ಎರಡೂ ತುಂಡು ತಂದು ಹೇಳಿದ ಹಾಗೇ ನೋಡಿದೆವು. ರಸ್ತೆ ಬದಿಯ ಪಾರ್ಕಿಂಗ್ ಮಾತು ಮನಸ್ಸಿಗೆ ನಾಟಿತು, ರಿವಿಯೆರಾ ಬ್ಲೂ ಅಂತ ಬರೆದುಕೊಡ್ತಿದ್ದೇವೆ. ಮುಂಭಾಗ ಮತ್ತು ಬಾಗಿಲುಗಳಿಗೆ ಪಿಪಿಎಫ್. ಆರ್ಡರ್ ಜೊತೆಗೇ ಕೇಳಿಟ್ಟುಕೊಳ್ಳಬೇಕಾದ್ದು ಇನ್ನೇನಾದರೂ ಇದೆಯಾ?

ಸ್ಪ್ರೇಬೂತ್:

ಒಳ್ಳೇ ಆಯ್ಕೆ. ಟಚ್‌ಅಪ್ ಸೆಟ್ ಒಂದನ್ನ ಕಾರಿನ ಜೊತೆಗೇ ತರಿಸಿ, ಬಣ್ಣ ಮತ್ತು ಕ್ಲಿಯರ್ ಎರಡೂ ಇರುವುದು. ಆಮೇಲೆ ಕೇಳಿದರೆ ವಿಶೇಷ ಬಣ್ಣಕ್ಕೆ ವಾರಗಟ್ಟಲೆ ಕಾಯಿಸ್ತಾರೆ. ಬಿಸಿಲು ಬೀಳದ ತಂಪಾದ ಕಪಾಟಿನಲ್ಲಿ ನಿಲ್ಲಿಸಿ ಇಡಿ, ಮುಚ್ಚಳ ಬಿಗಿ ಇರಲಿ.

ಬಣ್ಣದ ಪೂರ್ತಿ ಹೆಸರು ಮತ್ತು ಕೋಡನ್ನ ಆರ್ಡರ್ ದೃಢೀಕರಣ ಪತ್ರದಲ್ಲಿ ಬರೆಸಿಕೊಳ್ಳಿ. ವಿಶೇಷ ಬಣ್ಣದ ಕಾರಿನ ಚೀಟಿಯಲ್ಲಿ ಮಾಮೂಲಿ ಕೋಡ್ ಬದಲು ಬರೀ ವಿಶೇಷ ಬಣ್ಣ ಅನ್ನೋ ಸಂಕೇತ ಇರೋದುಂಟು, ಅದನ್ನ ನೋಡಿ ಯಾವ ಪೇಂಟ್ ಅಂಗಡಿಯೂ ಬಣ್ಣ ಬೆರೆಸೋಕೆ ಆಗಲ್ಲ. ಇದರ ಜೊತೆಗೆ ಕಾರು ಹೊಸದಿರುವಾಗಲೇ, ಫಿಲ್ಮ್ ಹಾಕೋ ಮುಂಚೆ, ಬಹುಕೋನ ಸ್ಪೆಕ್ಟ್ರೋಫೋಟೋಮೀಟರ್ (ಬಣ್ಣ ಅಳೆಯುವ ಯಂತ್ರ) ಇರುವ ವರ್ಕ್‌ಶಾಪಿನಲ್ಲಿ ಬಾನೆಟ್, ಬಾಗಿಲು, ಬಂಪರ್ ಮೂರನ್ನೂ ಓದಿಸಿ, ಬಂದ ಫಾರ್ಮುಲಾ ಪ್ರಿಂಟ್ ತಗೊಳ್ಳಿ. ಒಂದೇ ಕೋಡಿಗೆ ಮೂರು ನಾಲ್ಕು ವೇರಿಯಂಟ್ ಇರುತ್ತೆ, ನಿಮ್ಮ ಕಾರಿಗೆ ಯಾವುದು ಅಂತ ಆಗಲೇ ಗೊತ್ತಾಗಿರುತ್ತೆ. ಸಾಧ್ಯವಾದರೆ ಆ ಫಾರ್ಮುಲಾದಲ್ಲಿ ಒಂದು ಸ್ಪ್ರೇ-ಔಟ್ ಕಾರ್ಡ್ (ಬಣ್ಣ ಹೊಡೆದು ನೋಡುವ ಮಾದರಿ ಕಾರ್ಡ್) ಹೊಡೆಸಿ, ಅದಕ್ಕೂ ಕ್ಲಿಯರ್ ಹಾಕಿಸಿ, ಕಾರಿನ ಪಕ್ಕ ಬಿಸಿಲಲ್ಲಿಟ್ಟು ಹೋಲಿಸಿ. ಕೂಡಿದರೆ ಕಾರ್ಡಿನ ಹಿಂದೆ ಪೇಂಟ್ ಕಂಪನಿ, ವೇರಿಯಂಟ್, ಪ್ರೈಮರ್ ಶೇಡ್, ಎಷ್ಟು ಕೋಟು, ಗನ್ ಟಿಪ್ ಎಷ್ಟು, ಒತ್ತಡ ಎಷ್ಟು ಅಂತ ಬರೆಸಿ ಕಾರಿನ ಕಾಗದಪತ್ರದ ಫೈಲಿನಲ್ಲಿ ಇಟ್ಟುಬಿಡಿ.